ನಿಗಮದ ಹೆಸರಿಗೆಷ್ಟು, ಕೆಲಸಕ್ಕೆಷ್ಟು

ಕರ್ನಾಟಕದಲ್ಲಿ ನಿಗಮ ಮಂಡಳಿಗಳು ಪತ್ರಿಕೆಗಳ ಮುಖಪುಟಕ್ಕೆ ಬರುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ: ಆಡಳಿತ ಪಕ್ಷ ತನ್ನ ಶಾಸಕರಿಗೂ ಕಾರ್ಯಕರ್ತರಿಗೂ ಅಧ್ಯಕ್ಷಗಿರಿಯನ್ನು ಹಂಚಿದಾಗ, ಇಲ್ಲವೇ ಯಾವುದಾದರೊಂದು ನಿಗಮ ತನ್ನ ಪ್ರಚಾರಕ್ಕೆಂದು ದೊಡ್ಡ ಮೊತ್ತವನ್ನು ತೆತ್ತಾಗ. ಎರಡೂ ಸಂದರ್ಭಗಳಲ್ಲಿ ಓದುಗರ ಪ್ರಶ್ನೆ ಒಂದೇ ಆಗಿರುತ್ತದೆ. ಜನರ ಹಣದಿಂದ ನಡೆಯುವ ಇಂಥ ಸಂಸ್ಥೆಗೆ ಸೇರುವ ಪ್ರತಿ ರೂಪಾಯಿಯಲ್ಲಿ ಎಷ್ಟು ಪೈಸೆ ಅದು ಹುಟ್ಟಿಕೊಂಡ ಕೆಲಸಕ್ಕೆ ಹೋಗುತ್ತದೆ, ಎಷ್ಟು ಪೈಸೆ ಅದರ ಕಚೇರಿ, ಕಾರು, ಫಲಕ, ಜಾಹೀರಾತುಗಳಿಗೆ ಹೋಗುತ್ತದೆ? ಪ್ರಶ್ನೆ ಸರಳವಾಗಿದ್ದರೂ ಉತ್ತರ ಸುಲಭವಾಗಿ ಸಿಗದಿರುವುದಕ್ಕೆ ಈ ಸಂಸ್ಥೆಗಳ ರಚನೆಯಲ್ಲೇ ಕಾರಣಗಳಿವೆ.

ನಿಗಮ, ಮಂಡಳಿ, ಪ್ರಾಧಿಕಾರ ಎಂಬ ಮಾತುಗಳನ್ನು ಆಡುಮಾತಿನಲ್ಲಿ ಒಂದೇ ಉಸಿರಿನಲ್ಲಿ ಬಳಸುತ್ತಾರಾದರೂ ಕಾನೂನಿನ ದೃಷ್ಟಿಯಲ್ಲಿ ಅವು ಬೇರೆಬೇರೆ. ಶಾಸನವೊಂದರಿಂದಲೇ ಹುಟ್ಟಿದವು ಶಾಸನಬದ್ಧ ನಿಗಮಗಳು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ರೂಪುಗೊಂಡ ಸಾರಿಗೆ ನಿಗಮಗಳು ಇದಕ್ಕೆ ನಿದರ್ಶನ. ಕಂಪನಿ ಕಾಯ್ದೆಯಡಿ ನೋಂದಣಿಯಾಗಿ, ಬಂಡವಾಳದಲ್ಲಿ ಕನಿಷ್ಠ ಶೇ 51ರಷ್ಟು ಪಾಲು ಸರ್ಕಾರದ್ದಾಗಿದ್ದರೆ ಅದು ಸರ್ಕಾರಿ ಕಂಪನಿ. ಮೈಸೂರು ಸ್ಯಾಂಡಲ್ ಸೋಪು ತಯಾರಿಸುವ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೂ ವಿದ್ಯುತ್ ಸರಬರಾಜು ಕಂಪನಿಗಳೂ ಈ ಗುಂಪಿಗೆ ಸೇರುತ್ತವೆ. ಹೆಸರು ಯಾವುದೇ ಇರಲಿ, ಇವೆಲ್ಲವುಗಳ ಹಿಂದಿರುವ ವಿಚಾರ ಒಂದೇ. ಕಡತ ಮೇಜಿನಿಂದ ಮೇಜಿಗೆ ಹೋಗುವ ಇಲಾಖೆಯ ನಿಧಾನ ಗತಿಯಲ್ಲಿ ಬಸ್ಸು ಓಡಿಸುವುದಾಗಲೀ ಸಾಬೂನು ಮಾರುವುದಾಗಲೀ ಆಗದು. ಆದ್ದರಿಂದ ಅಂಥ ಕೆಲಸವನ್ನು ತನ್ನದೇ ಖಜಾನೆ, ತನ್ನದೇ ನಿರ್ದೇಶಕ ಮಂಡಳಿ, ತನ್ನದೇ ನೇಮಕಾತಿಯಿರುವ ಸಂಸ್ಥೆಗೆ ಒಪ್ಪಿಸಬೇಕೆಂಬುದು ಆ ವಿಚಾರ. ಇಲಾಖೆಯ ಖರ್ಚು ಬಜೆಟ್ಟಿನ ಲೆಕ್ಕಶೀರ್ಷಿಕೆಗಳಡಿ ಸಾಲುಸಾಲಾಗಿ ಶಾಸನಸಭೆಯ ಮುಂದೆ ಬರುತ್ತದೆ. ನಿಗಮದ ಖರ್ಚು ಅದರ ನಿರ್ದೇಶಕ ಮಂಡಳಿಯ ಮುಂದೆ ಬಂದು, ವರ್ಷ ಕಳೆದ ಮೇಲೆ ವಾರ್ಷಿಕ ವರದಿಯ ರೂಪದಲ್ಲಿ ಸದನವನ್ನು ತಲುಪುತ್ತದೆ. ಸ್ವಾತಂತ್ರ್ಯ ಕೊಟ್ಟಾಗ ಕಣ್ಣಿನ ಅಂತರವೂ ಹೆಚ್ಚಿತು.

ಆಡಳಿತ ವೆಚ್ಚ ಎಂಬುದರ ಸ್ವಭಾವವನ್ನು ಮೊದಲು ಗಮನಿಸಬೇಕು. ವ್ಯವಸ್ಥಾಪಕ ನಿರ್ದೇಶಕರ ಸಂಬಳ, ಕಚೇರಿಯ ಬಾಡಿಗೆ, ಲೆಕ್ಕಪತ್ರ ವಿಭಾಗ, ವಾಹನ, ದೂರವಾಣಿ, ವಕೀಲರ ಶುಲ್ಕ, ಲೆಕ್ಕ ಪರಿಶೋಧಕರ ಸಂಭಾವನೆ ಮುಂತಾದವು ಕೆಲಸ ಹೆಚ್ಚಾಗಲಿ ಕಡಿಮೆಯಾಗಲಿ ಬಹುಮಟ್ಟಿಗೆ ಅಷ್ಟೇ ಇರುತ್ತವೆ. ಅದಕ್ಕೇ ಅವನ್ನು ಸ್ಥಿರ ವೆಚ್ಚ ಎನ್ನುತ್ತಾರೆ. ಉದಾಹರಣೆಗೆಂದು ಇಂಥ ವೆಚ್ಚ ವರ್ಷಕ್ಕೆ 2 ಕೋಟಿ ರೂಪಾಯಿ ಎಂದಿಟ್ಟುಕೊಂಡರೆ, 100 ಕೋಟಿ ಹಂಚುವ ನಿಗಮದಲ್ಲಿ ಅದು ರೂಪಾಯಿಗೆ 2 ಪೈಸೆಯಾಗುತ್ತದೆ, 10 ಕೋಟಿ ಹಂಚುವ ನಿಗಮದಲ್ಲಿ 20 ಪೈಸೆಯಾಗುತ್ತದೆ. ಎರಡೂ ಕಡೆ ಯಾರೂ ಒಂದು ಪೈಸೆಯನ್ನು ಕದ್ದಿರಬೇಕಾಗಿಲ್ಲ, ಎಲ್ಲರೂ ಪ್ರಾಮಾಣಿಕರೇ ಆಗಿರಬಹುದು. ಆದರೂ ಎರಡನೆಯ ನಿಗಮದ ಫಲಾನುಭವಿ ಐದನೇ ಒಂದು ಪಾಲನ್ನು ಕಳೆದುಕೊಂಡಿರುತ್ತಾನೆ. ಸಾರ್ವಜನಿಕ ಚರ್ಚೆ ಹೆಚ್ಚಾಗಿ ಭ್ರಷ್ಟಾಚಾರದ ಸುತ್ತಲೇ ತಿರುಗುವುದರಿಂದ ಈ ನಿಯಮಬದ್ಧ ಸೋರಿಕೆ ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ.

ಬ್ರ್ಯಾಂಡಿಂಗ್, ಅಂದರೆ ಹೆಸರು, ಲಾಂಛನ, ಬಣ್ಣ, ಜಾಹೀರಾತು, ರಾಯಭಾರಿಗಳ ಮೂಲಕ ಸಂಸ್ಥೆಯೊಂದರ ಗುರುತನ್ನು ಜನಮನದಲ್ಲಿ ನೆಲೆಗೊಳಿಸುವ ಕೆಲಸದ ಖರ್ಚು ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ರಾಯಭಾರಿಯಾಗಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.20 ಕೋಟಿ ರೂಪಾಯಿಗೆ ಗೊತ್ತುಮಾಡಿದಾಗ ಎದ್ದ ವಿವಾದ ಇದಕ್ಕೆ ಸಾಕ್ಷಿ. ಕನ್ನಡದ ಕಲಾವಿದರಿರುವಾಗ ಹೊರಗಿನವರೇಕೆ ಎಂಬುದು ಒಂದು ಆಕ್ಷೇಪವಾದರೆ, ನೂರು ವರ್ಷಗಳಿಂದ ಮನೆಮಾತಾಗಿರುವ ಸಾಬೂನಿಗೆ ರಾಯಭಾರಿಯೇ ಏಕೆ ಎಂಬುದು ಇನ್ನೊಂದು. ರಾಜ್ಯದೊಳಗೆ ಸಾಬೂನಿಗೆ ಹೆಸರಿದೆ, ಈಗ ಬೇಕಾಗಿರುವುದು ಹೊರರಾಜ್ಯಗಳ ಮಾರುಕಟ್ಟೆ ಎಂಬುದು ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರ ಸಮರ್ಥನೆಯಾಗಿತ್ತು. 2006ರಲ್ಲಿ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಇದೇ ಸಾಬೂನಿಗೆ ರಾಯಭಾರಿಯಾಗಿದ್ದುದರಿಂದ ಈ ಪ್ರಯೋಗವೇನೂ ಹೊಸದಾಗಿರಲಿಲ್ಲ.

ಆ ಸಾಬೂನಿನ ಹಿನ್ನೆಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಬ್ರ್ಯಾಂಡಿಂಗ್ ಎಂಬುದು ಇತ್ತೀಚಿನ ಗೀಳು ಎಂಬ ಭಾವನೆ ಕರಗುತ್ತದೆ. ಮೊದಲನೇ ಮಹಾಯುದ್ಧ ಯುರೋಪಿನ ದಾರಿಗಳನ್ನು ಮುಚ್ಚಿದಾಗ ಮೈಸೂರು ಸಂಸ್ಥಾನದ ಶ್ರೀಗಂಧ ಮಾರಾಟವಾಗದೆ ಉಳಿಯಿತು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಸ್ಥಾಪನೆಯಾಗಿ, ಅದರ ಬೆನ್ನಿಗೇ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಸಾಬೂನು ತಯಾರಿಕೆ ಆರಂಭವಾಯಿತು. ಅದಕ್ಕಾಗಿ ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿಯವರು ಗಂಧದೆಣ್ಣೆಯ ಪರಿಮಳದ ಜೊತೆಗೆ ಸಾಬೂನಿನ ರೂಪವನ್ನೂ ಯೋಚಿಸಿದರು. ಆಯತದ ಬಿಲ್ಲೆಗಳ ನಡುವೆ ಮೊಟ್ಟೆಯಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಹೂವಿನ ಚಿತ್ತಾರದ ಡಬ್ಬಿ, ಅದರ ಮೇಲೆ ಸಿಂಹದ ಮೈಯೂ ಆನೆಯ ತಲೆಯೂ ಇರುವ ಶರಭದ ಲಾಂಛನ: ಇವೆಲ್ಲ ಸರ್ಕಾರಿ ಕಾರ್ಖಾನೆಯೊಂದು ನೂರು ವರ್ಷಗಳ ಹಿಂದೆಯೇ ಮಾಡಿದ ಬ್ರ್ಯಾಂಡಿಂಗ್. ಅದಕ್ಕೆ ತೆತ್ತ ಹಣ ವ್ಯರ್ಥವಾಯಿತೆಂದು ಇಂದು ಯಾರೂ ಹೇಳಲಾರರು, ಏಕೆಂದರೆ ಡಬ್ಬಿಯ ಮೇಲಿನ ಚಿತ್ರ ಹೇಳಿದ್ದನ್ನು ಒಳಗಿನ ಬಿಲ್ಲೆ ಉಳಿಸಿಕೊಟ್ಟಿತು.

ಹಾಗಾದರೆ 6.20 ಕೋಟಿಯನ್ನು ಅಳೆಯುವ ಕೋಲು ಯಾವುದು? ಈ ಕಂಪನಿಯ ವಾರ್ಷಿಕ ವಹಿವಾಟು 2024-25ರಲ್ಲಿ 1,700 ಕೋಟಿ ರೂಪಾಯಿಯನ್ನು ಮೀರಿತ್ತು, ವರ್ಷಕ್ಕೆ 3.10 ಕೋಟಿ ಎಂದರೆ ಅದರ ಶೇ 0.2ಕ್ಕಿಂತಲೂ ಕಡಿಮೆ. ಖಾಸಗಿ ಸಾಬೂನು ಕಂಪನಿಗಳ ಎದುರು ಅಂಗಡಿಯ ಕಪಾಟಿನಲ್ಲಿ ಜಾಗ ಗಿಟ್ಟಿಸಿಕೊಳ್ಳಬೇಕಾದ, ಲಾಭ ಗಳಿಸಿ ಸರ್ಕಾರಕ್ಕೆ ಲಾಭಾಂಶ ಕೊಡುವ ಸಂಸ್ಥೆಗೆ ಇದು ವ್ಯಾಪಾರದ ಖರ್ಚೇ ಸರಿ. ಆಕ್ಷೇಪಿಸಬೇಕಾದ ಅಂಶ ಬೇರೆಡೆ ಇದೆ. ಈ ಒಪ್ಪಂದಕ್ಕೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ 4(ಜಿ) ಪ್ರಕಾರ ವಿನಾಯಿತಿ ನೀಡಲಾಯಿತು. ಅಂದರೆ ಟೆಂಡರ್ ಕರೆಯದೆಯೇ ಆಯ್ಕೆ ಮಾಡಿಕೊಳ್ಳುವ ಅವಕಾಶವನ್ನು ಸರ್ಕಾರ ಆದೇಶದ ಮೂಲಕ ಕಲ್ಪಿಸಿತು. ಕಲಾವಿದರನ್ನು ಟೆಂಡರಿನ ಮೂಲಕ ಆರಿಸಲಾಗದು ಎಂಬುದು ನಿಜ. ಆದರೆ ಟೆಂಡರ್ ಇಲ್ಲದ ಕಡೆ ಅದರ ಬದಲಿಗೆ ಇನ್ನೊಂದು ಹೊಣೆ ಇರಬೇಕು: ಎಷ್ಟು ಮಾರಾಟ ಹೆಚ್ಚಬೇಕೆಂಬ ಗುರಿಯನ್ನು ಒಪ್ಪಂದಕ್ಕೆ ಮೊದಲೇ ಪ್ರಕಟಿಸುವುದು, ಅವಧಿ ಮುಗಿದ ಮೇಲೆ ಯಾವ ರಾಜ್ಯದಲ್ಲಿ ಎಷ್ಟು ಹೆಚ್ಚಿತೆಂದು ಲೆಕ್ಕ ಒಪ್ಪಿಸುವುದು.

ಲೆಕ್ಕ ಒಪ್ಪಿಸುವ ಮಾತು ಬಂದಾಗ ಕಂಪನಿ ಕಾಯ್ದೆಯ ಒಂದು ಸೂಕ್ಷ್ಮವನ್ನು ತಿಳಿದಿರಬೇಕು. 2013ರ ಕಾಯ್ದೆಯ ಮೂರನೇ ಅನುಸೂಚಿಯ ಪ್ರಕಾರ ಲಾಭ-ನಷ್ಟದ ತಃಖ್ತೆಯಲ್ಲಿ ಸಿಬ್ಬಂದಿ ವೆಚ್ಚ, ಹಣಕಾಸು ವೆಚ್ಚ, ಸವಕಳಿ ಮುಂತಾದವುಗಳ ಜೊತೆ ‘ಇತರ ವೆಚ್ಚ’ ಎಂಬ ಶೀರ್ಷಿಕೆಯಿರುತ್ತದೆ. ವಹಿವಾಟಿನ ವರಮಾನದ ಶೇ 1 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ದೊಡ್ಡದೋ ಅದನ್ನು ಮೀರಿದ ವೆಚ್ಚವನ್ನು ಪ್ರತ್ಯೇಕವಾಗಿ ತೋರಿಸಬೇಕೆಂಬುದು ನಿಯಮ. 1,700 ಕೋಟಿ ವಹಿವಾಟಿರುವ ಕಂಪನಿಗೆ ಈ ಮಿತಿ 17 ಕೋಟಿಯಾಗುತ್ತದೆ. ಅದಕ್ಕಿಂತ ಕಡಿಮೆಯ ಬಾಬ್ತು ‘ಇತರ’ ಎಂಬ ಒಂದೇ ಮಾತಿನೊಳಗೆ ಸೇರಿಹೋಗಲು ಕಾನೂನಿನ ಅಡ್ಡಿಯಿಲ್ಲ. ಇದು ಷೇರುದಾರರಿಗೆಂದು ಮಾಡಿದ ನಿಯಮ, ಖಾಸಗಿ ಕಂಪನಿಯ ಷೇರುದಾರನಿಗೆ ಅಷ್ಟು ಸಾಕಾಗಲೂಬಹುದು. ಸರ್ಕಾರಿ ಕಂಪನಿಯ ನಿಜವಾದ ಒಡೆಯರಾದ ಪ್ರಜೆಗಳಿಗೆ ಸಾಲದು.

ಸಾಬೂನಿನ ಈ ನಿದರ್ಶನದಿಂದ ಹೊರಡುವ ಅಳತೆಗೋಲು ಸ್ಪಷ್ಟವಾಗಿದೆ: ಜಾಹೀರಾತನ್ನು ನೋಡುವವನಿಗೆ ಬೇರೆ ಆಯ್ಕೆ ಇದೆಯೇ? ಸಾಬೂನು ಕೊಳ್ಳುವವಳು ಬೇರೆ ಸಾಬೂನನ್ನು ಕೊಳ್ಳಬಹುದು, ಹಾಲು ಕೊಳ್ಳುವವಳು ಬೇರೆ ಹಾಲನ್ನು ಕೊಳ್ಳಬಹುದು. ಅಲ್ಲಿ ಹೆಸರಿನ ಖರ್ಚಿಗೆ ಅರ್ಥವಿದೆ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ನಂದಿನಿ ಪ್ರಾಯೋಜಕತ್ವ ಕೊಟ್ಟದ್ದನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಆದರೆ ನಂದಿನಿಯನ್ನು ಮಾರುವ ಹಾಲು ಮಹಾಮಂಡಳ ಸರ್ಕಾರದ ಕಂಪನಿಯಾಗಿರದೆ ಹಾಲು ಉತ್ಪಾದಕರ ಸಹಕಾರಿ ಸಂಸ್ಥೆಯಾದ್ದರಿಂದ ಆ ಹಣ ಕೊನೆಗೆ ಬರುವುದು ಬೆಳಗಿನ ಜಾವ ಡೇರಿಗೆ ಕ್ಯಾನು ಹೊತ್ತು ತರುವವರ ಪಾಲಿನಿಂದ ಎಂಬುದನ್ನು ಮರೆಯಬಾರದು. ಆಯ್ಕೆಯೇ ಇಲ್ಲದ ಕಡೆ, ಅಂದರೆ ವಿದ್ಯುತ್ ಸಂಪರ್ಕ, ಕುಡಿಯುವ ನೀರು, ಸಾಲ ಸೌಲಭ್ಯಗಳನ್ನು ಒದಗಿಸುವ ಸಂಸ್ಥೆಗಳಲ್ಲಿ, ತಿಳಿವಳಿಕೆ ನೀಡುವ ಪ್ರಕಟಣೆಗಿಂತ ಹೆಚ್ಚಿನ ಪ್ರಚಾರಕ್ಕೆ ಸಮರ್ಥನೆಯಿಲ್ಲ. ಅರ್ಜಿಯ ಕೊನೆಯ ದಿನಾಂಕ ಯಾವುದು, ಯಾವ ದಾಖಲೆ ಬೇಕು, ಎಲ್ಲಿ ಕೊಡಬೇಕು ಎಂದು ತಿಳಿಸುವುದು ನಿಗಮದ ಕರ್ತವ್ಯ. ಅದೇ ಜಾಗದಲ್ಲಿ ಅಧ್ಯಕ್ಷರ ಭಾವಚಿತ್ರ ಅಚ್ಚಾದರೆ ಅದು ನಿಗಮದ ಹಣದಿಂದ ನಡೆದ ವ್ಯಕ್ತಿಯ ಪ್ರಚಾರ.

ಹೆಸರು ತಾನೇ ಮಾಹಿತಿಯಾಗಬಹುದು ಎಂಬುದಕ್ಕೆ ಸಾರಿಗೆ ನಿಗಮದಲ್ಲಿ ಒಳ್ಳೆಯ ನಿದರ್ಶನವಿದೆ. ರಾಜಹಂಸ ಎಂದರೆ ಹಿಂದಕ್ಕೆ ಒರಗುವ ಸೀಟು, ಐರಾವತ ಎಂದರೆ ಹವಾನಿಯಂತ್ರಿತ ವೋಲ್ವೊ, ಅಂಬಾರಿ ಎಂದರೆ ಮಲಗಿ ಹೋಗುವ ಬಸ್ಸು, ಪಲ್ಲಕ್ಕಿ ಎಂದರೆ ಹವಾನಿಯಂತ್ರಣವಿಲ್ಲದ ಸ್ಲೀಪರ್ ಎಂದು ಇಂದು ಟಿಕೆಟ್ ಕಾದಿರಿಸುವ ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬಸ್ಸಿನ ಮೈಮೇಲೆ ಬರೆದ ಮೂರು-ನಾಲ್ಕು ಅಕ್ಷರಗಳು ದರ, ಸೌಕರ್ಯ ಎರಡನ್ನೂ ತಿಳಿಸಿಬಿಡುತ್ತವೆ. ಇದೇ ನಿಗಮ ತನ್ನ ಇಂಗ್ಲಿಷ್ ಹೆಸರಿನ ಐದಕ್ಷರಕ್ಕಾಗಿ ಬಹುಕಾಲ ಕಾನೂನು ಹೋರಾಟ ನಡೆಸಬೇಕಾಗಿ ಬಂದದ್ದು ಬೇರೆಯೇ ಕತೆ. ಕೇರಳದ ಸಾರಿಗೆ ನಿಗಮದ ಇಂಗ್ಲಿಷ್ ಹ್ರಸ್ವರೂಪವೂ ಕೆಎಸ್ಆರ್‌ಟಿಸಿ, ಕರ್ನಾಟಕದ್ದೂ ಅದೇ. ಮೈಸೂರು ರಾಜ್ಯ ಕರ್ನಾಟಕವಾದ 1973ರಿಂದ ಈ ಹೆಸರು ಇಲ್ಲಿ ಬಳಕೆಯಲ್ಲಿದೆ. ಟ್ರೇಡ್‌ಮಾರ್ಕ್ ನೋಂದಣಿಯ ಸುತ್ತ ಎರಡು ರಾಜ್ಯಗಳ ಸಾರ್ವಜನಿಕ ಸಂಸ್ಥೆಗಳು ವರ್ಷಗಟ್ಟಲೆ ಸೆಣಸಿ, 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿದ ಮೇಲೆ ಕರ್ನಾಟಕ ಅದೇ ಹೆಸರನ್ನು ಮುಂದುವರಿಸಲು ದಾರಿಯಾಯಿತು. ಬೆಂಗಳೂರಿನಿಂದ ಕೋಝಿಕ್ಕೋಡಿಗೆ ಹೊರಟ ಯಾವ ಪ್ರಯಾಣಿಕನೂ ಈ ಐದಕ್ಷರ ಯಾರದೆಂದು ಕೇಳಿ ಬಸ್ಸು ಹತ್ತುವುದಿಲ್ಲ. ಆದರೂ ವಕೀಲರ ಶುಲ್ಕ ಎರಡೂ ಕಡೆಯ ಪ್ರಯಾಣಿಕರ ಟಿಕೆಟ್ ಹಣದಿಂದಲೇ ಹೋಯಿತು. ಎರಡು ಸರ್ಕಾರಗಳ ಸಾರಿಗೆ ಕಾರ್ಯದರ್ಶಿಗಳು ಒಂದು ಮೇಜಿನ ಸುತ್ತ ಕುಳಿತು ಮುಗಿಸಬಹುದಾಗಿದ್ದ ವಿಷಯವಿದು.

ಒಂದಿದ್ದ ಸಾರಿಗೆ ನಿಗಮ 1997ರಿಂದ 2000ದ ನಡುವೆ ನಾಲ್ಕಾಯಿತು. ಬೆಂಗಳೂರು ಮಹಾನಗರಕ್ಕೆ ಒಂದು, ಹುಬ್ಬಳ್ಳಿ ಕೇಂದ್ರವಾಗಿ ಒಂದು, ಕಲಬುರಗಿ ಕೇಂದ್ರವಾಗಿ ಇನ್ನೊಂದು ಸಂಸ್ಥೆ ಬೇರ್ಪಟ್ಟವು. ಒಂದು ವಿದ್ಯುತ್ ಮಂಡಳಿ ಇದ್ದ ಕಡೆ ಇಂದು ಪ್ರಸರಣ ನಿಗಮವೂ ಐದು ಸರಬರಾಜು ಕಂಪನಿಗಳೂ ಇವೆ. ಇಂಥ ವಿಭಜನೆ ಪ್ರತಿ ಬಾರಿಯೂ ಒಂದು ಆಡಳಿತ ಕಚೇರಿಯನ್ನು, ಒಂದು ನಿರ್ದೇಶಕ ಮಂಡಳಿಯನ್ನು, ಒಂದು ಲೆಕ್ಕಪತ್ರ ವಿಭಾಗವನ್ನು ಹೊಸದಾಗಿ ಸೃಷ್ಟಿಸುತ್ತದೆ. ಆದರೆ ಇದನ್ನು ದುಂದು ಎಂದು ತಳ್ಳಿಹಾಕುವುದು ಅನ್ಯಾಯ. ಬೀದರಿನ ಚಾಲಕನೊಬ್ಬ ತನ್ನ ಅಹವಾಲು ಹೇಳಿಕೊಳ್ಳಲು ಬೆಂಗಳೂರಿನ ಶಾಂತಿನಗರಕ್ಕೆ ಬರಬೇಕಾಗಿದ್ದುದು ತಪ್ಪಿ ಕಲಬುರಗಿಗೆ ಹೋದರೆ ಸಾಕೆಂದಾದದ್ದು ಆ ಖರ್ಚಿಗೆ ಸಿಕ್ಕ ಪ್ರತಿಫಲ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾದ ಬಳಿಕ ಅಲ್ಲಿನ ಸಾರಿಗೆ ನಿಗಮದ ಹೆಸರೂ ಬದಲಾದಾಗ ಬಸ್ಸುಗಳ ಪಕ್ಕೆ, ಘಟಕಗಳ ಫಲಕ, ಟಿಕೆಟ್, ಮೊಹರು, ಪತ್ರಶೀರ್ಷಿಕೆಗಳೆಲ್ಲ ಬದಲಾಗಬೇಕಾಯಿತು. ಒಂದು ನಾಡು ತನ್ನ ಹೆಸರನ್ನು ತಾನೇ ಆರಿಸಿಕೊಂಡದ್ದರ ಬೆಲೆಯೆಂದು ಅದನ್ನೂ ಒಪ್ಪಬಹುದು.

ಒಪ್ಪಲು ಕಷ್ಟವಾಗುವುದು ಅಭಿವೃದ್ಧಿ ನಿಗಮಗಳ ವಿಷಯ. ಹಿಂದುಳಿದ ವರ್ಗಗಳಿಗೂ ಅಲ್ಪಸಂಖ್ಯಾತರಿಗೂ ಸೇರಿ 1977ರಲ್ಲಿ ಹುಟ್ಟಿದ ನಿಗಮದ ಪರಂಪರೆಯಲ್ಲಿ ಇಂದು ಒಂದೊಂದು ಸಮುದಾಯಕ್ಕೂ ಒಂದೊಂದು ನಿಗಮ ಕಾಣಿಸಿಕೊಂಡಿದೆ. 2020ರ ನಂತರವಂತೂ ಹೊಸ ನಿಗಮಗಳ ಘೋಷಣೆ ಬೇಗಬೇಗ ಆಯಿತು. ಆ ಸಮುದಾಯಗಳ ಬೇಡಿಕೆಯ ಹಿಂದಿರುವ ಕಷ್ಟ ನಿಜ, ಮಾನ್ಯತೆಯ ಹಂಬಲವೂ ನ್ಯಾಯವಾದದ್ದು. ಆದರೆ ಈ ನಿಗಮಗಳು ಜನರಿಗೆ ಕೊಡುವುದೇನು ಎಂದು ನೋಡಿದರೆ ಕೊಳವೆಬಾವಿ ಕೊರೆಸಿಕೊಡುವ ಗಂಗಾ ಕಲ್ಯಾಣ, ವೃತ್ತಿ ಶಿಕ್ಷಣಕ್ಕೆ ಸಾಲ ನೀಡುವ ಅರಿವು, ಸ್ವಯಂ ಉದ್ಯೋಗಕ್ಕೆ ನೇರ ಸಾಲ ಇವೇ ಯೋಜನೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಮರುಕಳಿಸುತ್ತವೆ. ಅರ್ಜಿ ಸಲ್ಲಿಸುವ ಕಿಂಡಿಯೂ ಬಹುಪಾಲು ಸೇವಾ ಸಿಂಧು ಒಂದೇ. ಹೊಸ ನಿಗಮಗಳಲ್ಲಿ ಹಲವಕ್ಕೆ ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡಿಕೊಡುವುದು ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಕಚೇರಿಯೇ. ಅಂದರೆ ಕೆಳಗೆ ಕಚೇರಿ ಒಂದು, ಯೋಜನೆ ಒಂದು, ಕಿಂಡಿ ಒಂದು. ಬೆಂಗಳೂರಿನಲ್ಲಿ ಮಾತ್ರ ಬೇರೆಬೇರೆ ಅಧ್ಯಕ್ಷರು, ಬೇರೆಬೇರೆ ವ್ಯವಸ್ಥಾಪಕ ನಿರ್ದೇಶಕರು, ಬೇರೆಬೇರೆ ಲಾಂಛನಗಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಹಳ್ಳಿಗಳಲ್ಲಿ ಇಂಥ ಸಂದರ್ಭಕ್ಕೇ ಬಳಸುತ್ತಾರೆ. ಅನುದಾನವನ್ನು ಸಮುದಾಯವಾರು ಕಡ್ಡಾಯವಾಗಿ ಬೇರ್ಪಡಿಸಿಟ್ಟು, ಆಡಳಿತವನ್ನು ಒಂದೇ ಸೂರಿನಡಿ ತಂದರೆ ಯಾವ ಸಮುದಾಯದ ಪಾಲೂ ಕಡಿಮೆಯಾಗದೆ ಕೊಳವೆಬಾವಿಗಳ ಸಂಖ್ಯೆ ಹೆಚ್ಚುತ್ತದೆ.

ಹೀಗೆ ಮಾಡಲು ಸರ್ಕಾರಗಳು ಹಿಂಜರಿಯುವುದಕ್ಕೆ ಕಾರಣ ಸಂವಿಧಾನದ ಒಂದು ಒಳ್ಳೆಯ ತಿದ್ದುಪಡಿಯ ಅಡ್ಡಪರಿಣಾಮದಲ್ಲಿದೆ. 2003ರ 91ನೇ ತಿದ್ದುಪಡಿ ಮಂತ್ರಿಮಂಡಲದ ಗಾತ್ರವನ್ನು ವಿಧಾನಸಭೆಯ ಸದಸ್ಯಬಲದ ಶೇ 15ಕ್ಕೆ ಮಿತಿಗೊಳಿಸಿತು. 224 ಸ್ಥಾನಗಳ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿಗಷ್ಟೇ ಅವಕಾಶ. ಮಂತ್ರಿಯಾಗಲಾರದವರನ್ನು ಸಮಾಧಾನಪಡಿಸಲು ಉಳಿದ ದಾರಿ ನಿಗಮ ಮಂಡಳಿ. 2024ರ ಜನವರಿಯಲ್ಲಿ ಮೂವತ್ತಕ್ಕೂ ಹೆಚ್ಚು ಶಾಸಕರು ಒಮ್ಮೆಲೇ ಸಂಪುಟ ದರ್ಜೆಯ ಸ್ಥಾನಮಾನದೊಡನೆ ಅಧ್ಯಕ್ಷರಾದರು. ಹಿಂದಿನ ಬೇರೆ ಪಕ್ಷಗಳ ಸರ್ಕಾರಗಳೂ ಇದನ್ನೇ ಮಾಡಿದ್ದವು. ಜನ ಗೂಟದ ಕಾರು ಎಂದು ಕರೆಯುವ ಆ ಸೌಲಭ್ಯದ ಜೊತೆಗೆ ಆಪ್ತ ಸಿಬ್ಬಂದಿ, ಮನೆ ಬಾಡಿಗೆ, ಪ್ರಯಾಣ ಭತ್ಯೆಗಳ ಹೊರೆ ಸಾಮಾನ್ಯವಾಗಿ ಆಯಾ ನಿಗಮದ ಮೇಲೆಯೇ ಬೀಳುತ್ತದೆ. ಶಾಸನಸಭೆಯ ಸಾರ್ವಜನಿಕ ಉದ್ದಿಮೆಗಳ ಸಮಿತಿ ನಿಗಮಗಳ ಲೆಕ್ಕವನ್ನು ಪರಿಶೀಲಿಸಬೇಕಾದ ವ್ಯವಸ್ಥೆ. ಶಾಸಕರೇ ಇಷ್ಟು ದೊಡ್ಡ ಸಂಖ್ಯೆಯಲ್ಲಿ ನಿಗಮಗಳ ಮುಖ್ಯಸ್ಥರಾದರೆ ಸದನದ ಕೈಯಲ್ಲಿರುವ ಆ ಪರಿಶೀಲನೆಯ ಬಲ ಕುಗ್ಗದೆ ಇರದು. ಹಣದ ನಷ್ಟಕ್ಕಿಂತ ಇದು ದೊಡ್ಡ ನಷ್ಟ.

ದಾರಿ ಇಲ್ಲವೆಂದಲ್ಲ, ಕರ್ನಾಟಕದಲ್ಲೇ ಅದು ರೂಢಿಯಲ್ಲಿದೆ. ವಿದ್ಯುತ್ ಸರಬರಾಜು ಕಂಪನಿಗಳು ದರ ಪರಿಷ್ಕರಣೆ ಬಯಸಿದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ತಮ್ಮ ವರಮಾನದ ಅಗತ್ಯವನ್ನು ಬಾಬ್ತುವಾರು ಇಡಬೇಕು. ದುರಸ್ತಿ ವೆಚ್ಚ, ಸಿಬ್ಬಂದಿ ವೆಚ್ಚಗಳ ಪಕ್ಕದಲ್ಲೇ ‘ಆಡಳಿತಾತ್ಮಕ ಮತ್ತು ಸಾಮಾನ್ಯ ವೆಚ್ಚ’ ಎಂಬ ಬಾಬ್ತು ಇರುತ್ತದೆ. ಬಾಡಿಗೆ, ಪ್ರಯಾಣ, ಕಾನೂನು ಶುಲ್ಕ, ಜಾಹೀರಾತು ಇದರೊಳಗೇ ಬರುತ್ತವೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಪ್ರಕರಣದಂತೆ ಅರ್ಜಿಯನ್ನು ಪ್ರಕಟಿಸಿ, ಸಾರ್ವಜನಿಕರ ಸಲಹೆ ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ಆಯೋಗ ದರ ನಿಗದಿ ಮಾಡಬೇಕು. ರೈತ ಸಂಘಟನೆಗಳೂ ಕೈಗಾರಿಕಾ ಸಂಘಗಳೂ ಗೃಹಬಳಕೆದಾರರೂ ಆ ಅಹವಾಲು ಸಭೆಗಳಲ್ಲಿ ಅಂಕಿಗಳನ್ನು ಹಿಡಿದು ಪ್ರಶ್ನಿಸುತ್ತಾರೆ, ಕಂಪನಿಗಳು ಲಿಖಿತ ಉತ್ತರ ಕೊಡುತ್ತವೆ, ಆಯೋಗ ತನ್ನ ಆದೇಶದಲ್ಲಿ ಒಪ್ಪಿದ್ದನ್ನೂ ಕಡಿತ ಮಾಡಿದ್ದನ್ನೂ ಬರೆಯುತ್ತದೆ. 2025ರ ಜನವರಿ 5ರಿಂದ ಜಾರಿಗೆ ಬಂದ ಶೇ 15ರ ಬಸ್ ದರ ಏರಿಕೆಯನ್ನು ಮಾತ್ರ ಸಚಿವ ಸಂಪುಟವೇ ತೀರ್ಮಾನಿಸಿತು. ಕರೆಂಟಿನ ಬಿಲ್ಲು ಕಟ್ಟುವವರಿಗೆ ಸಿಗುವ ಈ ಗೌರವ ಬಸ್ ಟಿಕೆಟ್ ಕೊಳ್ಳುವವರಿಗೂ, ನಿಗಮದ ಸಾಲಕ್ಕೆ ಅರ್ಜಿ ಹಾಕುವವರಿಗೂ ಸಿಗಬೇಕು.

ಅಂಥ ವ್ಯವಸ್ಥೆ ಬರುವವರೆಗೆ ಓದುಗರ ಕೈಯಲ್ಲೊಂದು ಸಾಧನ ಈಗಾಗಲೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ನಿಗಮವೂ ತನ್ನ ಅಧಿಕಾರಿ, ನೌಕರರ ಮಾಸಿಕ ವೇತನವನ್ನೂ ಆಯವ್ಯಯ ಹಂಚಿಕೆಯನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ನಿಯಮಗಳಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳನ್ನು ಮೀರದಂತಿರಬೇಕು. ಅಷ್ಟು ಪದಗಳೂ ಬೇಕಾಗುವುದಿಲ್ಲ. ತಮ್ಮ ಊರಿಗೆ ಸಂಬಂಧಿಸಿದ ಯಾವುದಾದರೂ ಒಂದು ನಿಗಮವನ್ನು ಆರಿಸಿಕೊಂಡು, ಕಳೆದ ಮೂರು ವರ್ಷಗಳಲ್ಲಿ ಪ್ರತಿ ವರ್ಷ ಫಲಾನುಭವಿಗಳಿಗೆ ತಲುಪಿದ ಮೊತ್ತವೆಷ್ಟು, ಅಧ್ಯಕ್ಷರ ಕಚೇರಿ, ವಾಹನ, ಬಾಡಿಗೆ ಹಾಗೂ ಜಾಹೀರಾತಿಗೆ ಆದ ಮೊತ್ತವೆಷ್ಟು ಎಂದು ಕೇಳಲಿ. ಉತ್ತರ ಕೊಡಲು ಕಾಯ್ದೆ ವಿಧಿಸಿರುವ ಗಡುವು 30 ದಿನ.